ಒಡೆಯನ ಮನಸ್ಸು ಪರರ ವಶವಾದಾಗ ನಾಯಿ ಯಾರ ಮಾತು ಕೇಳಬೇಕು? ಮನದ ಮಾತು ಬಲ್ಲ ಪ್ರಾಣಿಯ ನಿಷ್ಠೆಯನ್ನು ಕಥೆಗೆ ತರುವ ಸಮಗ್ರ ಮಾರ್ಗದರ್ಶಿ

ಮನುಷ್ಯನ ಮನಸ್ಸಿನ ಜತೆ ನೇರವಾಗಿ ಮಾತಾಡಬಲ್ಲ ಪ್ರಾಣಿಯನ್ನು ಅದ್ಭುತ ಕಥೆಗೆ ತಂದವರೆಲ್ಲ ಒಂದಲ್ಲ ಒಂದು ದಿನ ಈ ಗಂಟು ಬಿಚ್ಚಲೇಬೇಕು. ಆ ಪ್ರಾಣಿಯ ಜೀವದ ಗೆಳೆಯನಾದ ಮನುಷ್ಯನನ್ನು ಯಾರೋ ವಶ ಮಾಡಿಕೊಂಡಿದ್ದಾರೆ. ಅದೇ ಬಾಯಿ, ಅದೇ ದನಿ, ಅದೇ ಕೈ. ಅಪ್ಪಣೆ ಮಾತ್ರ ಬೇರೆಯವನದು. ಈಗ ಪ್ರಾಣಿ ಏನು ಮಾಡುತ್ತದೆ?

ಹೊಸಬರ ಕರಡುಗಳಲ್ಲಿ ಸಾಮಾನ್ಯವಾಗಿ ಎರಡೇ ಉತ್ತರ ಸಿಗುತ್ತವೆ. ಒಂದೋ ನಾಯಿಗೆ ಮೊದಲ ಕ್ಷಣದಲ್ಲೇ ಎಲ್ಲ ಗೊತ್ತಾಗಿ ಅದು ಖಳನ ಮೇಲೆ ಹಾರುತ್ತದೆ, ಇಲ್ಲವೇ ಕೀಲಿ ಕೊಟ್ಟ ಗೊಂಬೆಯಾಗಿ ಅವನ ಹಿಂದೆ ನಡೆಯುತ್ತದೆ. ಎರಡರಲ್ಲೂ ಪ್ರಾಣಿಗೆ ಆಯ್ಕೆಯೇ ಇಲ್ಲ. ಆಯ್ಕೆ ಇಲ್ಲದ ಕಡೆ ನಿಷ್ಠೆಯ ಮಾತೂ ಇಲ್ಲ. ಆ ನಿಷ್ಠೆ ಯಾವುದಕ್ಕೆ ಕಟ್ಟಿಕೊಂಡಿದೆ ಎಂಬುದನ್ನು ಲೇಖಕರು ಮೊದಲೇ ತೀರ್ಮಾನಿಸಬೇಕು. ಒಡೆಯನ ದನಿಗೋ, ಮೈವಾಸನೆಗೋ, ಅವನ ಮನಸ್ಸಿಗೋ, ಇಬ್ಬರೂ ಸೇರಿ ಕಾಯುತ್ತಿದ್ದ ಕೆಲಸಕ್ಕೋ? ಅದೊಂದು ತೀರ್ಮಾನವಾದರೆ ಉಳಿದ ಹೆಜ್ಜೆಗಳಿಗೆ ದಾರಿ ಸಿಗುತ್ತದೆ.

ಉದಾಹರಣೆಗಾಗಿ ಉದ್ದಕ್ಕೂ ಒಂದೇ ಕಥೆಯನ್ನು ಇಟ್ಟುಕೊಳ್ಳುತ್ತೇನೆ. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆ, ಘಟಪ್ರಭಾ ದಂಡೆ. ಕುರಿಗಾಹಿ ಮಾಳಿಂಗ, ಅವನ ತಾಯಿ ಕಲ್ಲವ್ವ, ಅವನ ಮನಸ್ಸಿನ ಜತೆ ಬೆಸೆದುಕೊಂಡ ಹೆಣ್ಣು ಮುಧೋಳ ನಾಯಿ ಕೆಂಚಿ. ಅಮೀನಗಡದ ಕುರಿ ಸಂತೆಯಲ್ಲಿ ಗಂಟುಬಿದ್ದ ಒಬ್ಬ ದಲಾಲಿ ಮಾಳಿಂಗನನ್ನು ವಶ ಮಾಡಿಕೊಂಡಿದ್ದಾನೆ. ಅವನಿಗೆ ಕುರಿ ಬೇಕಾಗಿಲ್ಲ, ಕೆಂಚಿಯ ಕಣ್ಣು ಬೇಕು.

ಹೆಜ್ಜೆ 1: ಪ್ರಾಣಿಯ ಮೈಯನ್ನು ಮೊದಲು ಕಲಿಯಿರಿ

ಮನದ ಮಾತು ಕಲ್ಪನೆ, ಆದರೆ ಅದು ಹುಟ್ಟುವುದು ನಿಜವಾದ ಕಣ್ಣು, ಕಿವಿ, ಮೂಗಿನಿಂದ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಸೇದಿದ ಹೊಟ್ಟೆ, ಮೊಲದ ಬೆನ್ನು ಹತ್ತುವುದಕ್ಕೆಂದೇ ಮಾಡಿದ ಕಾಲು. ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಉಳಿಸಿ ಬೆಳೆಸಿದರು. 2005ರಲ್ಲಿ ಇದರ ಚಿತ್ರವಿರುವ ಅಂಚೆ ಚೀಟಿ ಬಂತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಈ ನಾಯಿಯ ಬಗ್ಗೆ ಬರೆಯುವವರು ಹೇಗಾದರೂ ಮಾಡಿ ಒಮ್ಮೆ ಅದನ್ನು ಕಣ್ಣಾರೆ ನೋಡಬೇಕು. ಅಪರಿಚಿತರು ಹತ್ತಿರ ಬಂದಾಗ ಅದು ಹೇಗೆ ನಿಲ್ಲುತ್ತದೆ, ದೂರದಲ್ಲಿ ಏನೋ ಅಲ್ಲಾಡಿದರೆ ಕುತ್ತಿಗೆ ಹೇಗೆ ಎತ್ತುತ್ತದೆ ಎಂಬುದು ಫೋಟೊದಲ್ಲಿ ಸಿಗುವುದಿಲ್ಲ.

ಹಾಗಾಗಿ ಕೆಂಚಿ ಮಾಳಿಂಗನಿಗೆ ಕಳಿಸುವುದು ವಾಕ್ಯಗಳನ್ನಲ್ಲ. ಓಡುತ್ತಿರುವ ಚಿತ್ರ, ಗಾಳಿ ಬಂದ ದಿಕ್ಕು, ವಾಸನೆಯ ಪದರುಗಳು. ಅವಳ ಬಣ್ಣಗಳೂ ನಮ್ಮವಲ್ಲ. ನಾಯಿಗಳಿಗೆ ಹಳದಿ ಮತ್ತು ನೀಲಿ ಚೆನ್ನಾಗಿ ಕಾಣುತ್ತವೆ, ಕೆಂಪು ಮಂಕಾಗಿ ಕಂದು ಬಣ್ಣದಂತೆ ತೋರುತ್ತದೆ. ಬೀರದೇವರ ಜಾತ್ರೆಯಲ್ಲಿ ತೂರುವ ಭಂಡಾರ, ಅಂದರೆ ಅರಿಶಿನ ಪುಡಿ, ಕೆಂಚಿಯ ಕಣ್ಣಿಗೆ ಆಕಾಶದ ತುಂಬ ಉರಿಯುವ ಹಳದಿ. ಅದೇ ಮಾಳಿಂಗನ ಹಣೆಯ ಕುಂಕುಮ ಅವಳಿಗೆ ಒಣಗಿದ ಮಣ್ಣಿನ ಕಲೆ. ಇಬ್ಬರ ಮನಸ್ಸಿನ ಈ ಬೆಸುಗೆಯ ಮೂಲಕ ಮೊದಲ ಸಲ ಕುಂಕುಮದ ಕೆಂಪನ್ನು ಕಂಡ ನಾಯಿಯ ಅನುಭವವನ್ನು ಒಂದು ಪುಟ ಬರೆದು ನೋಡಿ. ಮುಂದೆ ದಲಾಲಿಯ ವಶಕ್ಕೆ ಹೋದ ದಿನ ಆ ಕೆಂಪು ಆರಿಹೋದರೆ ಓದುಗರಿಗೆ ಬೇರೆ ವಿವರಣೆ ಬೇಕಿಲ್ಲ.

ನಾಯಿಯೇ ಆಗಬೇಕೆಂದಿಲ್ಲ. ವಿಜಯಪುರದ ಕಡೆಯ ಕಿಲಾರಿ ಎತ್ತನ್ನು ಆರಿಸಿಕೊಂಡರೆ ಲೆಕ್ಕವೆಲ್ಲ ಬದಲಾಗುತ್ತದೆ. ಎತ್ತಿನ ಕಣ್ಣು ತಲೆಯ ಎರಡೂ ಬದಿಗಿರುವುದರಿಂದ ಅದಕ್ಕೆ ಸುತ್ತಲಿನ ಬಹುಭಾಗ ಒಟ್ಟಿಗೇ ಕಾಣುತ್ತದೆ. ಅದು ಬೇಟೆಯಾಡುವ ಜೀವವಲ್ಲ, ಬೇಟೆಗೆ ಈಡಾಗುವ ಜೀವ. ಅದರ ಪ್ರತಿಭಟನೆ ನೊಗ ಕೊಡವಿ ನಿಂತುಬಿಡುವುದು.

ಹೆಜ್ಜೆ 2: ಬೆಸುಗೆಯ ಕರಾರು ಬರೆದಿಟ್ಟುಕೊಳ್ಳಿ

ಕಥೆಯಲ್ಲಿ ಬರದಿದ್ದರೂ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಇದು ಇರಲೇಬೇಕು. ಇಬ್ಬರ ನಡುವೆ ಏನು ಹರಿಯುತ್ತದೆ? ಎಷ್ಟು ದೂರದವರೆಗೆ? ನಿದ್ದೆಯಲ್ಲಿ ಬೆಸುಗೆ ತೆರೆದಿರುತ್ತದೆಯೋ ಮುಚ್ಚಿರುತ್ತದೆಯೋ? ಪ್ರಾಣಿ ತಾನಾಗಿ ಅದನ್ನು ಮುಚ್ಚಬಲ್ಲದೇ? ಈ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಖಚಿತ: ಮುಚ್ಚಬಲ್ಲುದಾಗಿರಬೇಕು, ಮುಚ್ಚಿದರೆ ನೋವಾಗಬೇಕು. ಬಾಗಿಲಿಲ್ಲದ ಬೆಸುಗೆಯಲ್ಲಿ ಪ್ರಾಣಿ ಬರಿಯ ಕೈದಿ.

ಬೆಸುಗೆ ಹುಟ್ಟಿದ್ದು ಹೇಗೆ ಎಂಬುದೂ ಮುಖ್ಯ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಶಾಸನವನ್ನು ನೆನೆಯಿರಿ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಅರಸ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಜತೆ ಕಾದಾಡಿತು, ಎರಡೂ ಸತ್ತವು, ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಉಡುಗೊರೆಯಾಗಿ ಹೋದ ನಾಯಿ ಅದು. ಸಾಯುವಾಗ ಕಾಳಿ ಯಾರಿಗಾಗಿ ಕಾದಾಡಿತು? ಬೂತುಗನಿಗೋ, ಮಣಲೇರನಿಗೋ, ಬೇಟೆಯ ಹುರುಪಿಗೋ? ಶಾಸನ ಹೇಳದ ಇಂಥ ಜಾಗದಲ್ಲೇ ಕಥೆಗಾರರಿಗೆ ಕೆಲಸವಿದೆ. ನಿಮ್ಮ ಪ್ರಾಣಿ ಕೊಟ್ಟಿದ್ದೋ, ಕೊಂಡಿದ್ದೋ, ತಾನೇ ಬಂದಿದ್ದೋ? ಮಾಳಿಂಗ ಕೆಂಚಿಯನ್ನು ಕೊಳ್ಳಲಿಲ್ಲ. ಮರಿಯಾಗಿದ್ದಾಗ ಅವಳೇ ಅವನ ಕಂಬಳಿಯೊಳಗೆ ಬಂದು ಮಲಗಿದಳು. ಬಂದವಳು ಹೋಗಲೂಬಹುದು ಎಂಬ ಅಳುಕು ಕಥೆಗೆ ಮೊದಲ ದಿನವೇ ಸೇರಿಕೊಂಡಿತು.

ಹೆಜ್ಜೆ 3: ಯಾವ ಬಗೆಯ ವಶ? ಇಲ್ಲಿ ಅವಸರ ಬೇಡ

'ಮದ್ದು ಹಾಕ್ಯಾರ', 'ಮಾಟ ಮಾಡ್ಸ್ಯಾರ' ಅಂದುಬಿಟ್ಟರೆ ಊರ ಜನಕ್ಕೆ ಸಾಕು, ಲೇಖಕರಿಗೆ ಸಾಲದು. ವಶವಾದ ಮನುಷ್ಯನೊಳಗೆ ಏನು ಉಳಿದಿದೆ ಎಂಬುದರ ಮೇಲೆ ಬೆಸುಗೆಯಲ್ಲಿ ಪ್ರಾಣಿಗೆ ಕೇಳಿಸುವುದು ನಿಂತಿದೆ. ನಿಸರ್ಗದಲ್ಲೇ ಇದಕ್ಕೆ ಬೆಚ್ಚಿಬೀಳಿಸುವ ಮಾದರಿಗಳಿವೆ.

ಇರುವೆಗಳನ್ನು ಹಿಡಿದು, ಎಲೆಗೆ ಕಚ್ಚಿಸಿ, ಅಲ್ಲೇ ಸಾಯಿಸುವ ಒಂದು ಶಿಲೀಂಧ್ರವಿದೆ. 2017ರ ಅಧ್ಯಯನವೊಂದರಲ್ಲಿ ಕಂಡದ್ದೇನೆಂದರೆ ಅದರ ಎಳೆಗಳು ಇರುವೆಯ ಮೈಯ ಸ್ನಾಯುಗಳನ್ನೆಲ್ಲ ಸುತ್ತಿಕೊಂಡಿದ್ದವು, ಮಿದುಳಿನೊಳಗೆ ಮಾತ್ರ ಹೊಕ್ಕಿರಲಿಲ್ಲ. ಇದು ಮೈಯ ವಶ. ಮಾಳಿಂಗ ಒಳಗೆ ಪೂರ್ತಿ ಎಚ್ಚರವಾಗಿದ್ದಾನೆ, ಕೈಕಾಲು ನಾಲಗೆ ಅವನದಲ್ಲ. ಬೆಸುಗೆ ತೆರೆದಿದ್ದರೆ ಕೆಂಚಿಗೆ ಅವನ ಕೂಗು ಸ್ಪಷ್ಟ ಕೇಳುತ್ತದೆ. ಇಂಥ ಕಥೆಯಲ್ಲಿ 'ಗುರುತಿಸುವಳೇ?' ಎಂಬ ಕುತೂಹಲಕ್ಕೆ ಎಡೆಯಿಲ್ಲ. 'ಅವನ ಮೈಗೆ ಗಾಯ ಮಾಡದೆ ಅವನನ್ನು ಹೇಗೆ ಬಿಡಿಸಲಿ?' ಎಂಬ ಸಂಕಟ ಮಾತ್ರ ಇರುತ್ತದೆ.

ಎರಡನೆಯದು ಇಚ್ಛೆಯ ವಶ. ಪಚ್ಚೆಯಂತೆ ಹೊಳೆಯುವ ಒಂದು ಜಾತಿಯ ಕಣಜ ಜಿರಳೆಯ ತಲೆಗೆ ಕುಟುಕುತ್ತದೆ. ಜಿರಳೆಗೆ ಲಕ್ವ ಹೊಡೆಯುವುದಿಲ್ಲ, ಕಾಲು ಆಡುತ್ತವೆ, ಆದರೆ ತಾನಾಗಿ ನಡೆಯಲು ಶುರುಮಾಡುವ ಮನಸ್ಸೇ ಹೋಗುತ್ತದೆ. ಕಣಜ ಅದರ ಮೀಸೆ ಹಿಡಿದು ತನ್ನ ಗೂಡಿಗೆ ನಡೆಸಿಕೊಂಡು ಹೋಗುತ್ತದೆ. ಈ ಸ್ಥಿತಿಯ ಮಾಳಿಂಗ ಕೂಗುವುದಿಲ್ಲ. ಬೆಸುಗೆಯಲ್ಲಿ ಕೆಂಚಿಗೆ ಸಿಗುವುದು ಮೌನ, ಆದರೆ ಬೆಚ್ಚಗಿನ ಮೌನ. ಅವನು ಇದ್ದಾನೆ, ಏನೂ ಬಯಸುತ್ತಿಲ್ಲ. ಬರೆಯಲು ಅತಿ ಕಷ್ಟವಾದ ವಶ ಇದೇ, ಫಲ ಹೆಚ್ಚು ಕೊಡುವುದೂ ಇದೇ. ಏಕೆಂದರೆ ಇಲ್ಲಿ ಪ್ರಾಣಿ ಮನುಷ್ಯನ ಪರವಾಗಿ ಬಯಸಬೇಕಾಗುತ್ತದೆ. ಕುರಿ ಎಣಿಸುವುದು, ಮಳೆ ಬಂದಾಗ ಮರದಡಿಗೆ ಸರಿಯುವುದು, ನೀರು ಕುಡಿಯುವುದು ಎಲ್ಲವನ್ನೂ ಅವಳು ಅವನೊಳಗೆ ನೆಟ್ಟು ಎಬ್ಬಿಸಬೇಕು. ಹಾಗೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಕೆಂಚಿಯೂ ಅವನನ್ನು ವಶ ಮಾಡಿಕೊಂಡಂತಾಗಲಿಲ್ಲವೇ? ಈ ಪ್ರಶ್ನೆಗೆ ಕಥೆಯಲ್ಲಿ ಜಾಗ ಕೊಡಿ.

ಮೂರನೆಯದು ಭಯ ಮತ್ತು ಪ್ರೀತಿಯನ್ನು ತಿರುಚುವ ವಶ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹೊಕ್ಕ ಇಲಿಗಳಿಗೆ ಬೆಕ್ಕಿನ ವಾಸನೆಯ ಹೆದರಿಕೆ ಕುಗ್ಗುತ್ತದೆ. ಆ ಪರಾವಲಂಬಿಗೆ ಮುಂದೆ ಬೆಕ್ಕಿನ ಹೊಟ್ಟೆಯೇ ಬೇಕು. ಹೀಗೆ ವಶವಾದ ಮಾಳಿಂಗ ದಲಾಲಿಯನ್ನು ಮನಸಾರೆ ನಂಬುತ್ತಾನೆ. ಬೆಸುಗೆಯಲ್ಲಿ ಸುಳ್ಳಿನ ಎಳೆಯೂ ಸಿಗುವುದಿಲ್ಲ, ಏಕೆಂದರೆ ಅವನು ಸುಳ್ಳು ಹೇಳುತ್ತಿಲ್ಲ. ಮನಸ್ಸಿನ ಮೇಲೆ ಮಾತ್ರ ನಿಷ್ಠೆ ಇಟ್ಟ ಪ್ರಾಣಿ ಇಲ್ಲಿ ಸೋಲುತ್ತದೆ. ಇಬ್ಬರೂ ಸೇರಿ ಕಾಯುತ್ತಿದ್ದ ಮಂದೆಯ ಮೇಲೆ, ಕಲ್ಲವ್ವನ ಮೇಲೆ, ಹಳೆಯ ಮಾತಿನ ಮೇಲೆ ನಿಷ್ಠೆ ಇಟ್ಟ ಪ್ರಾಣಿ ಮಾತ್ರ ತಡವರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದನ್ನು ಖಳನ ವಶೀಕರಣದ ಜತೆ ಕಲಸಬೇಡಿ. ಅದು ಜನ ಭಕ್ತಿಯಿಂದ ತಾವಾಗಿ ತೆರೆದುಕೊಳ್ಳುವ ಗಳಿಗೆ. ಹಾಗೆಯೇ ಮಾನಸಿಕ ಕಾಯಿಲೆಯನ್ನು 'ವಶ' ಎಂದು ತೋರಿಸುವುದೂ ತಪ್ಪು. ಚಿಕಿತ್ಸೆ ಬೇಕಾದ ಮನೆಗಳಲ್ಲಿ ಆ ಹಳೆಯ ಮಾತು ಇಂದಿಗೂ ನೋವು ಕೊಡುತ್ತಿದೆ.

ಹೆಜ್ಜೆ 4: ಅನುಮಾನ ಸಣ್ಣದರಿಂದ ಶುರುವಾಗಲಿ

ಪ್ರಾಣಿಗೆ ಬೆಸುಗೆ ಇದೆ ಎಂದು ಅದರ ಮೂಗನ್ನು ಮರೆಯಬೇಡಿ. 2022ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಗಳು ಒಬ್ಬನೇ ಮನುಷ್ಯ ನಿರಾಳವಾಗಿದ್ದಾಗಿನ ಬೆವರು-ಉಸಿರಿನ ವಾಸನೆಗೂ ಒತ್ತಡದಲ್ಲಿದ್ದಾಗಿನ ವಾಸನೆಗೂ ವ್ಯತ್ಯಾಸ ಗುರುತಿಸಿದವು. ಅದಕ್ಕೂ ಹಿಂದೆ, 20ನೇ ಶತಮಾನದ ಆರಂಭದ ಬರ್ಲಿನ್‌ನಲ್ಲಿ ಲೆಕ್ಕ ಮಾಡುತ್ತದೆಂದು ಹೆಸರಾಗಿದ್ದ ಹ್ಯಾನ್ಸ್ ಎಂಬ ಕುದುರೆಯನ್ನು ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ 1907ರಲ್ಲಿ ವರದಿ ಕೊಟ್ಟರು. ಕುದುರೆ ಲೆಕ್ಕ ಮಾಡುತ್ತಿರಲಿಲ್ಲ. ಗೊರಸು ಬಡಿಯುತ್ತ ಸರಿಯುತ್ತರ ತಲುಪಿದ ಕೂಡಲೇ, ಪ್ರಶ್ನೆ ಕೇಳಿದವರು ತಮಗೇ ಗೊತ್ತಿಲ್ಲದೆ ಮಾಡುವ ತಲೆಯ ಸಣ್ಣ ಅಲುಗಾಟವನ್ನು ಓದುತ್ತಿತ್ತು. ವಶಮಾಡಿಕೊಂಡವನು ಮಾಳಿಂಗನ ಮಾತನ್ನು ಅನುಕರಿಸಬಹುದು. ಮಾಳಿಂಗನೇ ಅರಿಯದ ಅವನ ಮೈಚಾಳಿಗಳನ್ನು ಅನುಕರಿಸಲಾರ. ನನ್ನ ಕರಡಿನಲ್ಲಿ ಈ ಘಟ್ಟ ಹೀಗಿದೆ:

ಹೊತ್ತು ಮುಳುಗಿತ್ತು. ಮಾಳಿಂಗ ಬುತ್ತಿಗಂಟು ಬಿಚ್ಚಿದ. ದಿನಾ ಅವನು ರೊಟ್ಟಿಯ ಕರಿಕಾದ ಅಂಚು ಮುರಿದು, ಒಂದು ಚೂರು ತಾನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಕೆಂಚಿಗೆ ಎಸೆಯುತ್ತಿದ್ದ. ಇವತ್ತು ಇಡೀ ರೊಟ್ಟಿಯನ್ನೇ ಅವಳ ಮುಂದಿಟ್ಟ.

"ತಿನ್ನು."

ಕೆಂಚಿ ರೊಟ್ಟಿ ಮೂಸಲಿಲ್ಲ, ಅವನ ಬೆರಳು ಮೂಸಿದಳು. ಕುರಿತುಪ್ಪಳದ ಜಿಡ್ಡು ಇತ್ತು, ಬೀಡಿಯ ಹೊಗೆ ಇತ್ತು, ಅವನ ಬೆವರೂ ಇತ್ತು. ಬೆವರಿನಲ್ಲಿ ತೋಳ ಬಂದ ರಾತ್ರಿಯ ಹುಳಿವಾಸನೆ. ತಲೆ ಎತ್ತಿ ನೋಡಿದಳು. ಅವನ ಮುಖ ನಗುತ್ತಿತ್ತು.

ಇಷ್ಟು ಸಾಕು. ಇಲ್ಲಿ ಕೆಂಚಿಗೆ ಏನೂ ಖಾತರಿಯಾಗಿಲ್ಲ. ಮೈ ಹೆದರಿದೆ, ಮುಖ ನಗುತ್ತಿದೆ, ಎರಡೂ ಒಂದೇ ಮನುಷ್ಯನದು. ಮುಂದಿನ ಎರಡು ಮೂರು ಪ್ರಸಂಗಗಳವರೆಗೂ ಅವಳು ತನ್ನ ಮೂಗನ್ನೇ ಅನುಮಾನಿಸಲಿ.

ಹೆಜ್ಜೆ 5: ಅಪ್ಪಣೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ

ಮೊದಲ ಅಪ್ಪಣೆಯೇ 'ಕಲ್ಲವ್ವನನ್ನು ಕಚ್ಚು' ಎಂದಾದರೆ ನಾಯಿ ನಿರಾಕರಿಸುವುದರಲ್ಲಿ ವಿಶೇಷವೇನಿದೆ? ಮೊದಲು ಯಾರಿಗೂ ತೊಂದರೆಯಿಲ್ಲದ ಮಾತು: ಆ ದಾರಿ ಬಿಡು, ಈ ದಾರಿ ಹಿಡಿ. ಆಮೇಲೆ ತುಸು ಓರೆ: ರಾತ್ರಿ ಹೊಲದಲ್ಲಿ ನಿಲ್ಲಿಸಿದ ಕುರಿಗಳನ್ನು ಬಿಟ್ಟು ಬಾ. ಆಮೇಲೆ ನೋವಿನದು: ಕಲ್ಲವ್ವ ಹಿಂದೆ ಬಂದರೆ ತಡೆ. ಪ್ರತಿ ಮೆಟ್ಟಿಲಲ್ಲೂ ಕೆಂಚಿ ಕೇಳಿದ್ದಕ್ಕೆ ಬೆಲೆ ಏರುತ್ತದೆ, ಕೇಳದಿರಲು ಇರುವ ಅವಕಾಶ ಕಿರಿದಾಗುತ್ತದೆ.

ನಾಯಿಗಳು ಕಣ್ಣುಮುಚ್ಚಿ ಹೇಳಿದ್ದು ಕೇಳುತ್ತವೆ ಎಂಬ ನಂಬಿಕೆಯನ್ನು ಬಿಡಿ. ಕ್ಯೋಟೊ ವಿಶ್ವವಿದ್ಯಾಲಯದ ಅಕಿಕೊ ತಕಾವೊಕ ಮತ್ತು ಜತೆಗಾರರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಬ್ಬರು ತಿಂಡಿ ಇರುವ ಡಬ್ಬಿಯನ್ನು ಸರಿಯಾಗಿ ತೋರಿಸಿದಾಗ ನಾಯಿಗಳು ನಂಬಿ ಹೋದವು. ಅವರೇ ಖಾಲಿ ಡಬ್ಬಿ ತೋರಿಸಿ ಮೋಸ ಮಾಡಿದ ಮೇಲೆ, ಮತ್ತೆ ಸರಿಯಾಗಿ ತೋರಿಸಿದರೂ ಅವರ ಬೆರಳಿನ ಹಿಂದೆ ಹೋಗುವುದನ್ನು ಹೆಚ್ಚಿನವು ಬಿಟ್ಟವು. ಹೊಸಬರೊಬ್ಬರು ಬಂದು ತೋರಿಸಿದಾಗ ಮತ್ತೆ ನಂಬಿದವು. ಅಂದರೆ ನಾಯಿ ಲೆಕ್ಕ ಇಡುತ್ತದೆ, ಅದೂ ಮನುಷ್ಯ ಮನುಷ್ಯನಿಗೆ ಬೇರೆ ಬೇರೆ ಲೆಕ್ಕ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳಿಗಂತೂ ಅವಿಧೇಯತೆಯನ್ನೇ ಕಲಿಸುತ್ತಾರೆ. ಒಡೆಯ 'ಮುಂದೆ ನಡೆ' ಅಂದರೂ ಎದುರಿಗೆ ವಾಹನ ಬರುತ್ತಿದ್ದರೆ ನಾಯಿ ಕದಲಬಾರದು. ಅಪ್ಪಣೆ ಮೀರುವುದೇ ಅಲ್ಲಿ ನಿಷ್ಠೆ. ಮಾಳಿಂಗನ ಕಥೆಯಲ್ಲೂ ವಶದ ಮೊದಲೇ ಇಂಥದೊಂದು ಪ್ರಸಂಗ ಬರಬೇಕು: ಮಳೆಗಾಲದ ಘಟಪ್ರಭೆಯನ್ನು ದಾಟೋಣ ಎಂದು ಅವನು ಹಟ ಹಿಡಿದಾಗ ಕೆಂಚಿ ಅಡ್ಡ ನಿಲ್ಲುತ್ತಾಳೆ. ಅವನು ಬೈಯುತ್ತಾನೆ. ಬೆಳಗಾದಾಗ ನೀರು ಎಷ್ಟು ಏರಿದೆ ಎಂದು ಕಂಡು ಅವಳ ಪಕ್ಕ ಕೂತು ಹೇಳುತ್ತಾನೆ, "ನಾ ತಪ್ಪು ಹಾದಿ ಹಿಡದ್ರ ಹಿಂಗ ಅಡ್ಡ ನಿಲ್ಲವ್ವಾ." ಮುಂದೆ ಕೆಂಚಿಗೆ ಸಿಗುವ ಒಂದೇ ಆಧಾರ ಈ ಮಾತು. ವಶವಾಗುವ ಮೊದಲು ಅವನೇ ಕೊಟ್ಟ ಅಪ್ಪಣೆ ಅದು. ಎರಡು ಅಪ್ಪಣೆಗಳಲ್ಲಿ ಹಳೆಯದು ಗೆಲ್ಲುತ್ತದೆ ಎಂದು ಅವಳು ತೀರ್ಮಾನಿಸುವುದೇ ಕಥೆಯ ನಡುಗಂಬ.

ನಿರಾಕರಣೆಗೂ ಹಲವು ರೂಪಗಳಿವೆ. ಕೇಳಿಸದಂತೆ ಇರುವುದು, ಬೇಕೆಂದೇ ನಿಧಾನ ಮಾಡುವುದು, ಅಪ್ಪಣೆಯನ್ನು ಅಕ್ಷರಕ್ಕೆ ಪಾಲಿಸಿ ಅದರ ಉದ್ದೇಶ ಕೆಡಿಸುವುದು, ಓಡಿಹೋಗಿ ನೆರವು ತರುವುದು. ನನಗೆ ಇಷ್ಟ ಮೂರನೆಯದು. 'ತಡೆ' ಅಂದಾಗ ಕೆಂಚಿ ಕಲ್ಲವ್ವನ ಸೀರೆಯ ಸೆರಗು ಹಿಡಿದು ನಿಂತಳು, ಅವಳನ್ನು ಬೀಳಿಸಲಿಲ್ಲ. ಹೊರಗಿನವರಿಗೆ ಅದು ವಿಧೇಯತೆ. ಮುದುಕಿಗೆ ಮಾತ್ರ ಹಲ್ಲಿನ ಹಿಡಿತ ಎಷ್ಟು ಮೃದುವಾಗಿದೆ ಎಂದು ಗೊತ್ತು.

ಹೆಜ್ಜೆ 6: ಖಳನೂ ಬೆಸುಗೆಯ ದಾರಿಯಲ್ಲಿ ಬರಬಹುದು

ತೆರೆದ ದಾರಿ ಎರಡೂ ಕಡೆಗೆ ತೆರೆದಿರುತ್ತದೆ. ಮಾಳಿಂಗನ ಮನಸ್ಸಿನಲ್ಲಿ ಕೂತ ದಲಾಲಿಗೆ ಕೆಂಚಿಯ ಮನಸ್ಸಿನ ಹೊಸ್ತಿಲು ಕಾಣಬೇಕು. ಆದರೆ ಅವನು ಮನುಷ್ಯರ ಮನಸ್ಸಿನಲ್ಲಿ ನುರಿತವನು. ಹೆಸರು, ಆಸೆ, ನಾಚಿಕೆ ಹಿಡಿದು ಎಳೆಯುವವನು. ನಾಯಿಯೊಳಗೆ ಅವನಿಗೆ ಸಿಗುವುದು ಸಾವಿರ ವಾಸನೆ, ಹೆಸರಿಲ್ಲದ ದಿಕ್ಕುಗಳು. ಅವನು ಅಲ್ಲಿ ತಬ್ಬಿಬ್ಬಾಗಲಿ, ಆದರೆ ಪೂರ್ತಿ ಸೋಲುವುದು ಬೇಡ. ಅವನಿಗೆ ಬೇಟೆಯ ಹುರುಪು ಸಿಗಬಹುದು. ಓಡುವುದನ್ನು ಕಂಡರೆ ಬೆನ್ನು ಹತ್ತುವ ಆ ಸೆಳೆತ ಕೆಂಚಿಯ ಕೈಮೀರಿದ್ದು. ಓಡುತ್ತಿರುವ ಮಗುವನ್ನು ಅವನು ಮೊಲದ ಹಾಗೆ ತೋರಿಸಿದರೆ?

ಇಲ್ಲಿ ಕೆಂಚಿ ಬಾಗಿಲು ಮುಚ್ಚಬೇಕಾಗುತ್ತದೆ. ಮುಚ್ಚಿದರೆ ಒಳಗೆ ಉಳಿದಿರುವ ಮಾಳಿಂಗನ ಜತೆಗಿನ ನಂಟೂ ಕಡಿಯುತ್ತದೆ. ಅವನ ದೃಷ್ಟಿಯಲ್ಲಿ ಅದು ಕೈಬಿಟ್ಟು ಹೋದಂತೆ. ಅವನಿಗೆ ಅದನ್ನು ವಿವರಿಸಲು ಅವಳಿಗೆ ಸಮಯವಿಲ್ಲ. ಇಡೀ ಕಥೆಯಲ್ಲಿ ನಿಷ್ಠೆಯ ಅತಿ ದೊಡ್ಡ ಕೆಲಸ ಇದು, ನೋಡುವವರಿಗೆ ದ್ರೋಹದಂತೆ ಕಾಣುವುದೂ ಇದೇ.

ಹೆಜ್ಜೆ 7: ಊರನ್ನು ಮರೆಯಬೇಡಿ

ಒಡೆಯನ ಮಾತು ಕೇಳದ, ಅವನನ್ನು ಕಂಡರೆ ಹಲ್ಲು ಕಿರಿಯುವ ನಾಯಿಯನ್ನು ಊರು ಏನೆನ್ನುತ್ತದೆ? ಹುಚ್ಚು ನಾಯಿ. ರೇಬೀಸ್ ತಗುಲಿದ ನಾಯಿಯ ನಡತೆ ಬದಲಾಗುವುದು ನಿಜ, ಲಕ್ಷಣ ಕಾಣಿಸಿದ ಮೇಲೆ ಅದರಿಂದ ಬದುಕುವುದು ಇಲ್ಲವೇ ಇಲ್ಲವೆನ್ನುವಷ್ಟು ವಿರಳ. ಜನರ ಹೆದರಿಕೆಗೆ ಕಾರಣವಿದೆ. ಅವರನ್ನು ಮೂಢರನ್ನಾಗಿ ಚಿತ್ರಿಸದಿದ್ದರೆ ಅಪಾಯ ಹೆಚ್ಚು ನಿಜವಾಗುತ್ತದೆ.

"ಕಲ್ಲವ್ವಾ, ನಾಯಿ ಹುಚ್ಚ ಹಿಡದೈತಿ. ಹುಡುಗ್ರ ಅದಾರ ಓಣ್ಯಾಗ. ಕಟ್ಟಿ ಹಾಕಬೇ."

"ನಾಯಿಗಿ ಏನೂ ಆಗಿಲ್ಲೋ ತಮ್ಮಾ. ನನ್ನ ಮಗಗ ಆಗೈತಿ."

ಈ ಎರಡು ಸಾಲಿನ ನಡುವೆ ಬಡಿಗೆ ಹಿಡಿದ ಹತ್ತು ಜನ ನಿಂತಿದ್ದಾರೆ. ಕಲ್ಲವ್ವನಿಗೆ ಬೆಸುಗೆ ಇಲ್ಲ. ಅವಳು ನಂಬಿದ್ದು ಸೆರಗಿನ ಮೇಲಿನ ಹಲ್ಲಿನ ಹಿಡಿತವನ್ನು. ಮನದ ಮಾತು ಇಲ್ಲದವರೂ ಪ್ರಾಣಿಯನ್ನು ಅರಿಯಬಲ್ಲರು ಎಂಬುದಕ್ಕೆ ಇಂಥ ಒಂದು ಪಾತ್ರ ಬೇಕೇ ಬೇಕು.

ಹೆಜ್ಜೆ 8: ಬಿಡುಗಡೆಯ ಮರುದಿನ

ವಶ ಹೇಗೆ ಕಳಚಿತು ಎಂಬುದನ್ನು ಬೇಗ ಮುಗಿಸಿ. ಅದಕ್ಕಿಂತ ಹೆಚ್ಚು ಪುಟ ಬೇಕಿರುವುದು ಆಮೇಲಿನ ದಿನಗಳಿಗೆ. ನಾಯಿ ಮತ್ತು ಒಡೆಯ ಒಬ್ಬರ ಕಣ್ಣನ್ನೊಬ್ಬರು ನೋಡುತ್ತ ಕೂತಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ತಾಯಿ-ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನು ಅದು. ಬಿಡುಗಡೆಯಾದ ಮಾಳಿಂಗ ಕೆಂಚಿಯ ಕಣ್ಣು ನೋಡಲಾರ. ಅವನ ಕೈ ಮಾಡಿದ್ದೆಲ್ಲ ಅವಳಿಗೆ ಗೊತ್ತು, ಗೊತ್ತಿದೆ ಎಂಬುದೂ ಬೆಸುಗೆಯಲ್ಲಿ ಅವನಿಗೆ ಗೊತ್ತು. ಅವಳೂ ಸರಕ್ಕನೆ ಹತ್ತಿರ ಬರುವುದಿಲ್ಲ. ಕ್ಯೋಟೊದ ನಾಯಿಗಳು ಕಲಿತದ್ದನ್ನು ಇವಳೂ ಕಲಿತಿದ್ದಾಳೆ: ಈ ಬೆರಳು ಒಮ್ಮೆ ಸುಳ್ಳು ತೋರಿಸಿತ್ತು. ಅಪ್ಪಿಕೊಂಡು ಅಳುವ ದೃಶ್ಯ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ತಡೆದುಕೊಳ್ಳಿ. ದೂರ ಕೂತು ತಿನ್ನಲಿ, ಒಂದು ದಿನ ಅವನು ಕರೆಯದೆಯೇ ಮಂದೆಯ ಇನ್ನೊಂದು ಬದಿಗೆ ಕಾವಲು ನಿಲ್ಲಲಿ. ಬೆಸುಗೆ ಮತ್ತೆ ತೆರೆಯಬೇಕೋ ಬೇಡವೋ ಎಂಬ ತೀರ್ಮಾನ ಕೆಂಚಿಯದಾಗಿರಲಿ. ತೆರೆಯದೆ ಉಳಿದರೂ ಅವಳು ಮಂದೆ ಬಿಟ್ಟು ಹೋಗದಿದ್ದರೆ ಅದು ನನ್ನ ಮಟ್ಟಿಗೆ ಸುಖಾಂತ್ಯವೇ.

ಹೆಜ್ಜೆ 9: ಕರಡನ್ನು ಕುರಿಗಾಹಿಗೆ ಓದಿ ಹೇಳಿ

ಸಾಹಿತ್ಯದ ಗೆಳೆಯರಿಗೆ ತೋರಿಸುವ ಮೊದಲು ನಾಯಿ ಜತೆ ಬದುಕುವವರಿಗೆ ಓದಿ ಹೇಳಿ. ಮಳೆ ಮುಗಿದ ಮೇಲೆ ಬಾಗಲಕೋಟೆ, ಬೆಳಗಾವಿಯ ಕಡೆ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುವವರು ಸಿಗುತ್ತಾರೆ. ಮುಧೋಳ ನಾಯಿ ಸಾಕುವ ಮನೆಗಳೂ ಆ ಸೀಮೆಯಲ್ಲಿ ಕಡಿಮೆಯೇನಲ್ಲ. ವಶೀಕರಣ, ಬೆಸುಗೆ ಎಂಬ ಮಾತು ಬಿಟ್ಟು ನಾಯಿ ಏನು ಮಾಡಿತು ಎಂಬುದನ್ನಷ್ಟೇ ಹೇಳಿ ಎರಡು ಪ್ರಶ್ನೆ ಕೇಳಿ: "ನಾಯಿ ಹಿಂಗ ಮಾಡ್ತೈತೇನ್ರಿ?" ಮತ್ತು "ಮಾಡಿದ್ರ ಯಾಕ ಮಾಡ್ತೈತಿ?" ಎರಡನೆಯ ಪ್ರಶ್ನೆಗೆ ಅವರು ಕೊಡುವ ಉತ್ತರ ನೀವು ಎರಡನೆಯ ಹೆಜ್ಜೆಯಲ್ಲಿ ಬರೆದಿಟ್ಟ ಕರಾರಿಗೆ ಹೊಂದದಿದ್ದರೆ ಕರಾರನ್ನು ತಿದ್ದಿ, ಐದನೆಯ ಹೆಜ್ಜೆಯಿಂದ ಮತ್ತೆ ಬರೆಯಿರಿ.